ಮಣ್ಣು ಪರೀಕ್ಷೆ ಮಾಡಿಸಿದೆ: ತೋಟಕ್ಕೆ ಬೇಕಿದ್ದದ್ದು ಸುಣ್ಣ, ಗದ್ದೆಗೆ ಬಸಿಗಾಲುವೆ

ಈ ಸಲ ಶಿವಮೊಗ್ಗದ ಒಂದು ಲ್ಯಾಬಿಗೆ ಎರಡು ಕಡೆಯ ಮಣ್ಣು ಕೊಟ್ಟು ಪರೀಕ್ಷೆ ಮಾಡಿಸಿದೆ. ಒಂದು ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟದ್ದು, ಇನ್ನೊಂದು ಭದ್ರಾವತಿ ಕಡೆ ನಾಲೆ ಕೆಳಗಿರುವ ಮಾವನವರ ಗದ್ದೆಯದು. ಇಷ್ಟು ವರ್ಷ ಯಾಕೆ ಮಾಡಿಸಲಿಲ್ಲವೋ ಅಂತ ಬೇಜಾರಾಗಿದೆ.

ಗದ್ದೆಯದೇ ದೊಡ್ಡ ಚಿಂತೆ ಆಗಿತ್ತು. ಬೇಸಿಗೆಯಲ್ಲಿ ಬದುವಿನ ಪಕ್ಕ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಆಗುತ್ತಿತ್ತು, ತಗ್ಗಿನ ಮಡಿಯಲ್ಲಿ ಪೈರಿನ ತುದಿ ಸುಟ್ಟ ಹಾಗೆ ಕಾಣುತ್ತಿತ್ತು. ಚೌಳು ಬಂದಿದೆ, ಜಿಪ್ಸಮ್ ಹಾಕಿ ಅಂತ ಗೊಬ್ಬರದ ಅಂಗಡಿಯವರು ಹೇಳಿದ್ದರು. ಎರಡು ವರ್ಷ ಹಾಕಿದೆವು, ದುಡ್ಡು ಹೋಯಿತು ಅಷ್ಟೇ.

ರಿಪೋರ್ಟ್ ಕೊಟ್ಟ ಹುಡುಗಿ ಎರಡು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ರಸಸಾರ (ಮಣ್ಣು ಹುಳಿಯೋ ಕ್ಷಾರವೋ ಅಂತ ತೋರಿಸುವ pH) 8.2, ಲವಣಾಂಶ (ಮಣ್ಣಿನಲ್ಲಿರುವ ಉಪ್ಪಿನ ಅಳತೆ, EC) 1.6. ಲವಣಾಂಶ 1ರ ಒಳಗೆ ಇದ್ದರೆ ಚಿಂತೆ ಇಲ್ಲ, ಅದು ದಾಟಿದರೆ ಮೊಳಕೆಗೇ ಪೆಟ್ಟು. "ಅಣ್ಣಾ, ಜಿಪ್ಸಮ್ ಬೇಕಾಗೋದು ಸೋಡಿಯಂ ಜಾಸ್ತಿ ಇರೋ ಕ್ಷಾರದ ಮಣ್ಣಿಗೆ. ಅಲ್ಲಿ ರಸಸಾರ ಸಾಮಾನ್ಯವಾಗಿ 8.5 ದಾಟಿರುತ್ತೆ. ನಿಮ್ಮದು ಉಪ್ಪು. ನೀರು ಹೊರಗೆ ಹೋಗೋ ದಾರಿ ಮಾಡಿ ಮೊದಲು" ಅಂದಳು. ನಾಲೆ ನೀರು ನಿಂತು ನಿಂತು ಕೆಳಗಿನ ಉಪ್ಪು ಮೇಲೆ ಬಂದಿದೆ, ಬಸಿಗಾಲುವೆ ತೆಗೆದು ಒಳ್ಳೆ ನೀರು ಹಾಯಿಸಿ ತೊಳೆದರೆ ಮಾತ್ರ ಇಳಿಯುತ್ತದೆ ಅಂತ ಬಿಡಿಸಿ ಹೇಳಿದಳು. ಇಷ್ಟು ಮಾತು ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಕಾಲುವೆ ತೆಗೆದಿದ್ದೇವೆ, ನಾಟಿಗೆ ಮೊದಲು ಡಯಂಚ ಅನ್ನೋ ಹಸಿರು ಗೊಬ್ಬರದ ಗಿಡ ಬಿತ್ತಿ ಮಣ್ಣಿಗೆ ಸೇರಿಸುವ ಯೋಚನೆ ಇದೆ.

ತೋಟದ್ದು ಪೂರಾ ಉಲ್ಟಾ. ರಸಸಾರ 5.1. ನಮ್ಮ ಕಡೆ ಮಳೆಗೆ ಸುಣ್ಣದ ಅಂಶವೆಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ, ಹುಳಿ ಮಣ್ಣಿನಲ್ಲಿ ಹಾಕಿದ ರಂಜಕ ಮರಕ್ಕೆ ಸರಿಯಾಗಿ ಸಿಗುವುದೇ ಇಲ್ಲ. ಮರಕ್ಕೆ ಅರ್ಧ ಕೆಜಿ ಸುಣ್ಣ, ಎರಡು ವರ್ಷಕ್ಕೊಮ್ಮೆ ಅಂದರು. ಯೂರಿಯಾ ಜೊತೆಗೆ ಮಾತ್ರ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.

ಬೇಸರವೂ ಇದೆ. ಹತ್ತು ದಿನ ಅಂದವರು ಐದು ವಾರ ಓಡಾಡಿಸಿದರು. ತೋಟದ ರಿಪೋರ್ಟಿನಲ್ಲಿ ಸುಣ್ಣ ಎಷ್ಟು ಅಂತ ಬರೆದೇ ಇರಲಿಲ್ಲ, ನಾನೇ ಕೇಳಿ ಬರೆಸಿಕೊಳ್ಳಬೇಕಾಯಿತು. ಅಷ್ಟು ದೂರದಿಂದ ಬಸ್ಸಿನಲ್ಲಿ ಬರುವ ರೈತರಿಗೆ ಇದು ಕಷ್ಟ ಅಲ್ವಾ? ಮುಂಚೆಯೇ ಫೋನ್ ಮಾಡಿ ಕೇಳಿಕೊಂಡು ಹೋಗಿ.

ಮಣ್ಣು ತೆಗೆಯುವಾಗ ಸುಮ್ನೆ ಮೇಲಿಂದ ಕೆರೆದು ತರಬೇಡಿ. ಗದ್ದೆಯಲ್ಲಿ ಅರ್ಧ ಅಡಿ ಆಳದಿಂದ ಹತ್ತು ಹನ್ನೆರಡು ಜಾಗದ್ದು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಒಯ್ದರೆ ಸಾಕು. ತೋಟಕ್ಕೆ ಇನ್ನೂ ಆಳಕ್ಕೆ ಹೋಗಬೇಕು. ಗೊಬ್ಬರದ ಹಳೇ ಚೀಲದಲ್ಲಿ ತುಂಬಬೇಡಿ, ಲೆಕ್ಕವೇ ತಪ್ಪುತ್ತದೆ. ನಾನು ಮೊದಲ ಸಲ ಹಾಗೇ ಒಯ್ದು ವಾಪಸ್ ಬಂದೆ.