ಹಾಸನದಲ್ಲಿ ಟೇಪರ್ ಕೆಲಸ ಗೊತ್ತಿರುವ ಲೇತ್ ಅಂಗಡಿ

ಬಿ. ಕಾಟೀಹಳ್ಳಿ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ, ಬೋರ್ಡು ಅರ್ಧ ಅಳಿಸಿಹೋದ ಒಂದು ಶೆಡ್ಡು. ನಾನು ಬೇಲೂರಿನಲ್ಲಿ ಮರದ ಲೇತ್ ಇಟ್ಟುಕೊಂಡವನು. ಮಂಚದ ಕಾಲು, ಬಟ್ಟಲು ಕಡೆಯುತ್ತೇನೆ. ಒಂದು ತುದಿಗೆ ಮೋರ್ಸ್ ಟೇಪರ್ 3 (ಲೇತಿನ ತೂತಿನಲ್ಲಿ ಬಿಗಿಯಾಗಿ ಕೂರಲು ಗೊತ್ತಾದ ಅಳತೆಗೆ ಸಣ್ಣಗಾಗುತ್ತ ಹೋಗುವ ಓರೆ), ಇನ್ನೊಂದಕ್ಕೆ ಫ್ಲಾಂಜ್ (ಅಗಲ ಬಿಲ್ಲೆ) ಇರುವ ಆರ್ಬರ್, ಅಂದರೆ ಕಡೆಯುವ ತುಂಡನ್ನು ಹಿಡಿಯುವ ದಂಡ, ಬೇಕಿತ್ತು. ಮೊದಲು ಬೇರೆ ಕಡೆ ಮಾಡಿಸಿದ್ದು ಸ್ಪಿಂಡಲ್ (ಲೇತಿನ ತಿರುಗುವ ದಂಡ) ಬಾಯಲ್ಲಷ್ಟೇ ಹಿಡಿದು ಒಳಗೆ ಸಡಿಲ. ಉಳಿ ಕೊಟ್ಟರೆ ಬಟ್ಟಲೇ ನಡುಗುತ್ತಿತ್ತು.

ಇಲ್ಲಿನ ಟರ್ನರ್ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಡಿಗ್ರಿ ಗೆರೆ ನೋಡ್ಕೊಂಡು ತೆಗ್ದವ್ರೆ ಸಾರ್" ಅಂದರು. ಮೋರ್ಸ್ 3ಕ್ಕೆ ಬೇಕಾದ ಅರ್ಧಕೋನ (ನಡುಗೆರೆಯಿಂದ ಒಂದು ಬದಿಯ ಓರೆ) 1 ಡಿಗ್ರಿ 26 ನಿಮಿಷ 16 ಸೆಕೆಂಡ್. ಟೂಲನ್ನು ಓರೆಯಾಗಿ ಓಡಿಸುವ ಕಾಂಪೌಂಡ್ ಸ್ಲೈಡಿನ ಬುಡದಲ್ಲಿರುವುದು ಡಿಗ್ರಿಗೊಂದು ಗೆರೆ. ಕಾಲು ಡಿಗ್ರಿ ತಪ್ಪಿದರೆ 75 ಮಿ.ಮೀ. ಉದ್ದಕ್ಕೆ ವ್ಯಾಸದಲ್ಲಿ 0.65 ಮಿ.ಮೀ. ವ್ಯತ್ಯಾಸ. ಇನ್ನೆಲ್ಲಿ ಕೂರುತ್ತದೆ!

ಅವರು ಗೆರೆಯ ಕಡೆ ತಿರುಗಿಯೂ ನೋಡಲಿಲ್ಲ. ನಾನು ಒಯ್ದಿದ್ದ ಒಳ್ಳೆಯ ಹಳೇ ಆರ್ಬರನ್ನು, ಸಣ್ಣ ತುದಿ ಟೇಲ್‌ಸ್ಟಾಕ್ ಕಡೆಗೆ (ಲೇತಿನ ಹಿಂತುದಿಯ ಆಧಾರ) ಬರುವಂತೆ, ಎರಡು ಮೊನಚು ಸೆಂಟರ್‌ಗಳ ನಡುವೆ ಕೂರಿಸಿದರು. ಟೂಲ್‌ಪೋಸ್ಟಿಗೆ ಡಯಲ್ (ಕೂದಲೆಳೆ ವ್ಯತ್ಯಾಸ ತೋರಿಸುವ ಗೇಜು) ಕಟ್ಟಿ, ಅದರ ಮೊನೆಯನ್ನು ಸೆಂಟರ್ ಎತ್ತರಕ್ಕೆ ತಂದು, ಕಾಂಪೌಂಡ್ ಹಿಡಿಯನ್ನು ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದರು. ಮುಳ್ಳು ಸರಿದಷ್ಟೂ ಸ್ಲೈಡಿಗೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಒಂದೊಂದು ಪೆಟ್ಟು. ಕೊನೆಗೆ ಆರ್ಬರಿನ ಈ ತುದಿಯಿಂದ ಆ ತುದಿಯವರೆಗೆ ಮುಳ್ಳು ಕದಲಲಿಲ್ಲ. ನಟ್ಟು ಬಿಗಿ ಮಾಡಿದ ಮೇಲೆ ಮತ್ತೆ ಓಡಿಸಿದರು. ಬಿಗಿಯುವಾಗಲೇ ಕೋನ ಜಾರುವುದುಂಟಂತೆ. ಸ್ಯಾಂಪಲ್ ಇಲ್ಲದವರಿಗೂ ದಾರಿಯಿದೆ: ನೇರ ಗ್ರೈಂಡ್ ಮಾಡಿದ ರಾಡಿನ ಮೇಲೆ ಕಾಂಪೌಂಡ್ 50 ಮಿ.ಮೀ. ಓಡಿದಾಗ ಡಯಲ್ 1.25 ಮಿ.ಮೀ. ತೋರಿಸಬೇಕು.

ಟೂಲಿನ ಎತ್ತರದಲ್ಲೂ ಅಷ್ಟೇ ಹಟಮಾರಿ. ಸೆಂಟರಿನ ಮೊನೆಗಿಂತ ಮೇಲೋ ಕೆಳಗೋ ಇದ್ದರೆ ಟೇಪರ್ ನೇರ ಬರುವುದಿಲ್ಲ, ನಡುವೆ ತಗ್ಗುತ್ತದೆ. ಟೂಲನ್ನು ಹೊತ್ತು ಓಡುವ ಕ್ಯಾರೇಜ್ ಲಾಕ್ ಮಾಡಿ, ಕೊನೇ ಕಟಿಂಗನ್ನು ಎರಡೂ ಕೈಯಲ್ಲಿ ಹಿಡಿ ತಿರುಗಿಸಿ ನಿಲ್ಲಿಸದೆ ತೆಗೆದರು. ಆಮೇಲೆ ಉದ್ದಕ್ಕೆ ಪ್ರಷ್ಯನ್ ಬ್ಲೂ (ನೀಲಿ ಬಣ್ಣ) ಗೆರೆ ಎಳೆದು, ಅದೇ ಟೇಪರಿನ ತೂತಿರುವ ಸ್ಲೀವಿಗೆ ಹಾಕಿ ಚೂರು ತಿರುಗಿಸಿ ತೆಗೆದರೆ, ನೀಲಿ ಬುಡದಿಂದ ತುದಿವರೆಗೆ ಒಂದೇ ಸಮ ಹರಡಿತ್ತು. ನನ್ನ ಲೇತಿಗೆ ಹಾಕಿದಾಗ ಕೈಯಲ್ಲಿ ಒತ್ತಿದ್ದಷ್ಟೇ. ಬಿಡಿಸಲು ಹಿಂದಿನಿಂದ ರಾಡ್ ಹಾಕಿ ಬಡಿಯಬೇಕಾಯಿತು.

ಕೊರತೆ ಇಲ್ಲವೆಂದಲ್ಲ. ಫೋನ್ ಎತ್ತುವುದು ಅವರ ಜಾಯಮಾನದಲ್ಲೇ ಇಲ್ಲ. ಬಿಲ್ ಕೇಳಿದರೆ ಕ್ಯಾಲೆಂಡರ್ ಹಾಳೆ ಹರಿದು ಬರೆದುಕೊಟ್ಟರು. ಇಎನ್-8 (ಒಂದು ಜಾತಿಯ ಉಕ್ಕು) ರಾಡ್ ಸೇರಿ 900 ರೂಪಾಯಿ. ಚೌಕಾಸಿ ನಡೆಯಲಿಲ್ಲ, ನಡೆಯಬೇಕಾಗಿಯೂ ಇರಲಿಲ್ಲ. ಕಾಂಪೌಂಡ್ ಓಟಕ್ಕೆ ಮೀರಿದ ಉದ್ದದ ಟೇಪರ್ ಆದರೆ ಟೇಲ್‌ಸ್ಟಾಕ್ ಸರಿಸಿ ತೆಗೆಯುತ್ತಾರೆ. ಆಗ ಎಲ್ಲ ರಾಡುಗಳೂ ಒಂದೇ ಉದ್ದ ಇರಬೇಕು, ಇಲ್ಲದಿದ್ದರೆ ಒಂದೊಂದರ ಟೇಪರೂ ಬೇರೆಯಾಗುತ್ತದೆ, ಕತ್ತರಿಸಿಕೊಂಡೇ ಹೋಗಿ. ಸ್ಯಾಂಪಲ್ ಒಯ್ಯುವವರು ಅದರ ಎರಡೂ ತುದಿಯ ಸೆಂಟರ್ ತೂತಿನ ಕೊಳೆ ತೆಗೆದಿರಲಿ. ನನ್ನದರಲ್ಲಿ ಗಟ್ಟಿಯಾಗಿದ್ದ ಗ್ರೀಸ್ ಕೆರೆಯುವುದಕ್ಕೇ ಅವರು ಒಂದು ಟೀ ಹೊತ್ತು ತಗೊಂಡರು.