ಟು-ಸ್ಟ್ರೋಕ್ ಟೈಮಿಂಗ್: ಡಯಲ್ ಗೇಜೋ, ಡಿಗ್ರಿ ಡಿಸ್ಕೋ, ಟೈಮಿಂಗ್ ಲೈಟೋ?

ಟೈಮಿಂಗ್ ಎಂದರೆ ಪಿಸ್ಟನ್ ಎಲ್ಲಿದ್ದಾಗ ಕಿಡಿ ಹಾರಬೇಕು ಎಂಬ ಲೆಕ್ಕ. ಅದನ್ನು ಹೊಂದಿಸುವ ಈ ಮೂರು ಸಾಧನಗಳನ್ನೂ ಒಂದೇ ಎಂಜಿನ್‌ಗೆ ಸರದಿಯಂತೆ ಕಟ್ಟಿ ನೋಡಿದರೆ ಮೊದಲು ಗೊತ್ತಾಗುವುದು, ಇವು ಅಳೆಯುವುದು ಒಂದೇ ಸಂಗತಿಯನ್ನಲ್ಲ ಎಂಬುದು. ಪಿಸ್ಟನ್ ಎಷ್ಟು ಕೆಳಗಿದೆ ಎಂದು ಡಯಲ್ ಗೇಜ್ ಹೇಳುತ್ತದೆ, ಕ್ರ್ಯಾಂಕ್ ಎಷ್ಟು ತಿರುಗಿದೆ ಎಂದು ಡಿಸ್ಕ್ ಹೇಳುತ್ತದೆ. ಕಿಡಿ ನಿಜವಾಗಿ ಯಾವಾಗ ಹಾರಿತು ಎನ್ನುವುದು ಪ್ರತಿ ಕಿಡಿಗೂ ಮಿಂಚುವ ಲೈಟ್‌ಗೆ ಮಾತ್ರ ಗೊತ್ತು.

ಪಾಯಿಂಟ್ಸ್ (ತೆರೆದಾಗ ಕಿಡಿ ಹಾರಿಸುವ ಸ್ವಿಚ್) ಇರುವ ಎಂಜಿನ್ ಆದರೆ ಯಾವುದನ್ನು ಹಿಡಿಯುವ ಮುಂಚೆಯೂ ಗ್ಯಾಪ್ ಮುಗಿಸಿಬಿಡಿ. ಪಾಯಿಂಟ್ಸ್ ಪೂರ್ತಿ ತೆರೆದಾಗ ಸಾಮಾನ್ಯವಾಗಿ 0.35ರಿಂದ 0.40 ಮಿ.ಮೀ. ಇರಬೇಕು. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಅಡ್ವಾನ್ಸ್ ಆಗುತ್ತದೆ, ಅಂದರೆ ಕಿಡಿ ಬೇಗ ಹಾರುತ್ತದೆ. ಕ್ಯಾಮ್ ಮೇಲೆ ಉಜ್ಜುವ ಫೈಬರ್ ಹಿಮ್ಮಡಿ ಸವೆದರೆ ಗ್ಯಾಪ್ ಕುಗ್ಗಿ ರಿಟಾರ್ಡ್, ಅಂದರೆ ತಡ, ಆಗುತ್ತದೆ. ಟೈಮಿಂಗ್ ಇಟ್ಟ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ್ದೆಲ್ಲ ಮತ್ತೆ ಮೊದಲಿಂದ.

ಇನ್ನು ಡಯಲ್ ಗೇಜ್. ಸ್ಟ್ರೋಕ್ 50 ಮಿ.ಮೀ., ಕನೆಕ್ಟಿಂಗ್ ರಾಡ್ 100 ಮಿ.ಮೀ. ಇರುವ ಎಂಜಿನ್‌ನಲ್ಲಿ ಟಿಡಿಸಿಗೆ (ಪಿಸ್ಟನ್ ತೀರಾ ಮೇಲಿರುವ ಜಾಗಕ್ಕೆ) 20 ಡಿಗ್ರಿ ಮುಂಚೆ ಪಿಸ್ಟನ್ 1.87 ಮಿ.ಮೀ. ಕೆಳಗಿರುತ್ತದೆ, 18 ಡಿಗ್ರಿಗೆ 1.52. ಅಂದರೆ ಆ ಜಾಗದಲ್ಲಿ ಒಂದು ಡಿಗ್ರಿಗೆ ಸುಮಾರು 0.18 ಮಿ.ಮೀ. ಮುಳ್ಳು 0.01 ತೋರಿಸುವ ಗೇಜ್‌ಗೆ ಇದು ಧಾರಾಳ. ಟಿಡಿಸಿಯ ಆಚೀಚೆ 2 ಡಿಗ್ರಿ ತಿರುಗಿಸಿದರೂ ಪಿಸ್ಟನ್ ಬರೀ 0.02 ಮಿ.ಮೀ. ಸರಿಯುತ್ತದೆ. ಹಾಗಾಗಿ ಅಲ್ಲಿ ಗೇಜ್ ಸೊನ್ನೆಗೆ ಇಡುವಾಗ ಕೊಂಚ ತಪ್ಪಿದರೂ ಫಲಿತಾಂಶ ಕೆಡುವುದಿಲ್ಲ. ಸೊನ್ನೆ ಇಟ್ಟು, ಎಂಜಿನ್ ಓಡುವ ದಿಕ್ಕಿಗೆ ವಿರುದ್ಧವಾಗಿ 4 ಮಿ.ಮೀ.ವರೆಗೆ ಹಿಂದೆ ಹೋಗಿ, ಆಮೇಲೆ ಓಡುವ ದಿಕ್ಕಿನಲ್ಲೇ 1.87ಕ್ಕೆ ಬನ್ನಿ. ಬೇರಿಂಗ್‌ಗಳ ಸಡಿಲ ಒಂದೇ ಕಡೆ ಕೂರಲು ಇದೊಂದೇ ದಾರಿ.

ಗೇಜ್ ಮೋಸ ಮಾಡುವುದು ಓರೆ ಪ್ಲಗ್ ತೂತಿನಲ್ಲಿ. ತೂತು 30 ಡಿಗ್ರಿ ವಾಲಿದ್ದು ಪಿಸ್ಟನ್ ತಲೆ ಚಪ್ಪಟೆಯಾಗಿದ್ದರೆ ಗೇಜ್ ಸುಮಾರು 15 ಶೇಕಡಾ ಹೆಚ್ಚು ತೋರಿಸುತ್ತದೆ. 1.87 ಎಂದು ನಂಬಿ ಇಟ್ಟದ್ದು ನಿಜದಲ್ಲಿ 1.62, ಅಂದರೆ ಸುಮಾರು ಒಂದೂವರೆ ಡಿಗ್ರಿ ರಿಟಾರ್ಡ್. ತಲೆ ಗುಮ್ಮಟದಂತಿದ್ದರೆ ಲೆಕ್ಕವೂ ಕೈಕೊಡುತ್ತದೆ. ಅಲ್ಲಿ ಹೆಡ್ ಬಿಚ್ಚಿ ಗೇಜ್ ನೇರ ನಿಲ್ಲಿಸಿ, ಇಲ್ಲವೇ ಡಿಸ್ಕ್ ಹಿಡಿಯಿರಿ.

ಡಿಸ್ಕ್ ವಿಷಯ ಇದಕ್ಕೆ ತದ್ವಿರುದ್ಧ. ಪ್ಲಗ್ ಎಷ್ಟು ಓರೆಯಿದ್ದರೂ ಅದಕ್ಕೆ ಚಿಂತೆಯಿಲ್ಲ. 115 ಮಿ.ಮೀ. ವ್ಯಾಸದ ಡಿಸ್ಕ್‌ನ ಅಂಚಿನಲ್ಲಿ ಒಂದು ಡಿಗ್ರಿ ಎಂದರೆ ಹೆಚ್ಚೂಕಡಿಮೆ 1 ಮಿ.ಮೀ., ಓದಲು ಸುಲಭ. ಆದರೆ ಟಿಡಿಸಿಯನ್ನು ಕಣ್ಣಂದಾಜಿನಲ್ಲಿ ಹಿಡಿದರೆ ಆ 2 ಡಿಗ್ರಿ ತಪ್ಪು ಇಡಿಯಾಗಿ ಟೈಮಿಂಗ್‌ಗೇ ಸೇರುತ್ತದೆ. ಪಿಸ್ಟನ್ ಸ್ಟಾಪ್ ಇಲ್ಲದ ಡಿಸ್ಕ್ ಕೆಲಸ ವ್ಯರ್ಥ. ಹಳೆ ಪ್ಲಗ್‌ನ ಪಿಂಗಾಣಿ ತೆಗೆದು, ತುದಿ ಉರುಟಾಗಿಸಿದ ಬೋಲ್ಟ್ ಕೂರಿಸಿದರೆ ಸ್ಟಾಪ್ ಸಿದ್ಧ. ಪಿಸ್ಟನ್ ಕೆಳಗಿರುವಾಗ ಅದನ್ನು ಹಾಕಿ, ಒಂದು ದಿಕ್ಕಿಗೆ ತಾಗುವವರೆಗೆ ತಿರುಗಿಸಿ ಓದಿ, ಮತ್ತೊಂದು ದಿಕ್ಕಿಗೂ ಹಾಗೇ. ಒಂದು ಕಡೆ 41, ಇನ್ನೊಂದು ಕಡೆ 47 ಬಂದರೆ ಎರಡೂ ಕಡೆ 44 ತೋರಿಸುವಂತೆ ಸೂಚಿ ಸರಿಸಿ. ಕೈಯಲ್ಲೇ ತಿರುಗಿಸಿ. ಕಿಕ್ಕರ್ ತುಳಿದರೆ ಬೋಲ್ಟ್ ಪಿಸ್ಟನ್‌ಗೆ ಗುಂಡಿ ಹಾಕುತ್ತದೆ.

ಪಿಸ್ಟನ್ ಜಾಗ ಸಿಕ್ಕಿತು, ಪಾಯಿಂಟ್ ತೆರೆದ ಕ್ಷಣ ಹೇಗೆ ತಿಳಿಯುವುದು? ಇಲ್ಲೇ ಹೆಚ್ಚು ಜನ ಎಡವುವುದು. ಮಲ್ಟಿಮೀಟರ್‌ನ ಬೀಪ್ ಹಚ್ಚಿದರೆ ತೆರೆದರೂ ಮುಚ್ಚಿದರೂ ಕೂಗುತ್ತಲೇ ಇರುತ್ತದೆ. ಕಿಡಿಗೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೊದ ಪ್ರೈಮರಿ ಕಾಯಿಲ್ ಪಾಯಿಂಟ್‌ಗೆ ಸಮಾಂತರವಾಗಿದ್ದು ಅದರ ರೋಧ ಒಂದು ಓಮ್ ಆಸುಪಾಸು, ಮೀಟರ್‌ಗೆ ಅದೂ ಶಾರ್ಟೇ. ಕಾಯಿಲ್ ವೈರ್ ಬಿಚ್ಚಿ ಅಳೆದರೆ ತಕರಾರಿಲ್ಲ. ತೆಳು ಸೆಲೋಫೇನ್ ಚೂರನ್ನು ಪಾಯಿಂಟ್ ನಡುವೆ ಕಚ್ಚಿಸಿ ಹಗುರ ಎಳೆಯುತ್ತಿದ್ದು, ಅದು ಜಾರಿದ ಜಾಗ ಗುರುತಿಸುವ ವಿಧಾನ ಒರಟಾದರೂ ಕೆಲಸಕ್ಕೆ ಬರುತ್ತದೆ. ಚೂರು ಹರಿದು ಅಲ್ಲಿ ಉಳಿಯದಂತೆ ನೋಡಿಕೊಂಡರೆ ಸಾಕು. ಪಾಯಿಂಟ್ ತಡವಾಗಿ ತೆರೆದರೆ ಪಾಯಿಂಟ್ಸ್ ಕೂತಿರುವ ಸ್ಟೇಟರ್ ಪ್ಲೇಟನ್ನು ಓಡುವ ದಿಕ್ಕಿಗೆ ವಿರುದ್ಧ ಸರಿಸಿ, ಬೇಗ ತೆರೆದರೆ ಓಡುವ ದಿಕ್ಕಿಗೆ. ಸಂದೇಹವಿದ್ದಾಗ ರಿಟಾರ್ಡ್ ಕಡೆಗೇ ಬಿಡಿ: ಶಕ್ತಿ ಕುಂದಿ ಸೈಲೆನ್ಸರ್ ಕಾಯಬಹುದು, ಅಡ್ವಾನ್ಸ್ ಅತಿಯಾದರೆ ಪಿಸ್ಟನ್ನೇ ತೂತಾಗುತ್ತದೆ.

ಸಿಡಿಐ (ಪಾಯಿಂಟ್ಸ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ) ಎಂಜಿನ್‌ಗೆ ಗೇಜ್, ಡಿಸ್ಕ್ ಎರಡೂ ಗುರುತು ಹಾಕಲಷ್ಟೇ. ಕಿಡಿ ಬಿಡುವುದು ಎಲೆಕ್ಟ್ರಾನಿಕ್ಸ್, ವೇಗದ ಜೊತೆ ಅದರ ಟೈಮಿಂಗ್ ಸರಿಯುವುದೂ ಉಂಟು. ಹಾಗಾಗಿ ಲೈಟ್ ಹಿಡಿದು, ತಯಾರಕರು ಹೇಳಿದ ಆರ್‌ಪಿಎಂನಲ್ಲೇ ನೋಡಬೇಕು. ಬ್ಯಾಟರಿ ಇಲ್ಲದ ಎಂಜಿನ್ ಆದರೆ ಲೈಟ್‌ಗೆ ಬೇರೆ 12 ವೋಲ್ಟ್ ಬ್ಯಾಟರಿ ಕೊಡಿ. ಟು-ಸ್ಟ್ರೋಕ್ ಪ್ರತಿ ಸುತ್ತಿಗೂ ಕಿಡಿ ಬಿಡುವುದರಿಂದ ಫೋರ್-ಸ್ಟ್ರೋಕ್ ಲೆಕ್ಕದ ಮೀಟರ್ ಆರ್‌ಪಿಎಂ ಅನ್ನು ದುಪ್ಪಟ್ಟು ತೋರಿಸಬಹುದು. ಫ್ಲೈವೀಲ್ ಮೇಲಿನ ಗುರುತನ್ನು ಮಾತ್ರ ಕುರುಡಾಗಿ ನಂಬಬೇಡಿ: ಅದನ್ನು ಕ್ರ್ಯಾಂಕ್ ಮೇಲೆ ಜಾಗದಲ್ಲಿ ಹಿಡಿದಿಡುವ ಕೀಲಿ ಅರ್ಧ ಕತ್ತರಿಸಿದ್ದರೆ ಗುರುತು ಸರಿಯೆನಿಸಿದರೂ ಪಿಸ್ಟನ್ ಇನ್ನೆಲ್ಲೋ ಇರುತ್ತದೆ. ಗೇಜ್‌ನಿಂದ ಒಮ್ಮೆ ತಾಳೆ ನೋಡಿಯೇ ಲೈಟ್ ಹಚ್ಚಿ.

ಒಂದನ್ನೇ ಕೊಳ್ಳುವುದಾದರೆ ಪಾಯಿಂಟ್ಸ್ ಎಂಜಿನ್‌ಗೆ ಗೇಜ್, ಸಿಡಿಐಗೆ ಲೈಟ್ ಎನ್ನುತ್ತೇವೆ. ಹಾಗೆಂದು ಪಾಯಿಂಟ್ಸ್ ಎಂಜಿನ್‌ಗೆ ಲೈಟ್ ಬೇಡವೇ ಬೇಡ ಎಂದಲ್ಲ: ಗುರುತು ಒಂದೇ ಕಡೆ ನಿಲ್ಲದೆ ನಡುಗುತ್ತಿದ್ದರೆ ಮೇನ್ ಬೇರಿಂಗ್ ಸವೆದು ಕ್ರ್ಯಾಂಕ್ ಓಲಾಡುತ್ತಿರಬಹುದು, ನಿಂತ ಎಂಜಿನ್‌ನಲ್ಲಿ ಗೇಜ್ ಅದನ್ನು ತೋರಿಸದು.