ಬೆಟ್ಟವೋ, ಹಿನ್ನೀರೋ, ಶೇಂಗಾ ಹೊಲವೋ: ದುರ್ಗದ ಸುತ್ತ ಕತ್ತಲು ಹುಡುಕಿದ ಎರಡು ಬೇಸಿಗೆ

ಒಳ್ಳೆಯ ಕತ್ತಲು ಬೇಕಾದರೆ ಎತ್ತರಕ್ಕೆ ಹತ್ತಬೇಕು ಎಂದೇ ನಾನು ಬಹಳ ದಿನ ನಂಬಿದ್ದೆ. ಚಿತ್ರದುರ್ಗದಲ್ಲಿ ಇರುವವರಿಗೆ ಹಾಗನ್ನಿಸುವುದು ಸಹಜ, ಯಾವ ಕಡೆ ತಿರುಗಿದರೂ ಒಂದು ಗುಡ್ಡ ಕಾಣುತ್ತದೆ. ಎರಡು ಬೇಸಿಗೆ ಚಾಪೆ, ಕಂಬಳಿ, 10×50 ಬೈನಾಕ್ಯುಲರ್ ಹೊತ್ತು ಸುತ್ತಾಡಿದ ಮೇಲೆ ಆ ನಂಬಿಕೆ ಹೋಯಿತು. ಎತ್ತರಕ್ಕಿಂತ ಮುಖ್ಯವಾದದ್ದು ಊರು ನಿಮ್ಮ ಯಾವ ದಿಕ್ಕಿಗಿದೆ ಎಂಬುದು.

ಕಾರಣ ಸರಳ. ದುರ್ಗ ಇರುವುದು ಉತ್ತರ ಅಕ್ಷಾಂಶ 14 ಡಿಗ್ರಿಯಲ್ಲಿ. ಧ್ರುವ ನಕ್ಷತ್ರ ನಮಗೆ ದಿಗಂತದಿಂದ 14 ಡಿಗ್ರಿ ಮೇಲಷ್ಟೇ. ಆ ಕಡೆ ಕಳೆದುಕೊಂಡದ್ದೆಲ್ಲ ದಕ್ಷಿಣದಲ್ಲಿ ಸಿಗುತ್ತದೆ. ಅಗಸ್ತ್ಯ ನಕ್ಷತ್ರ 23 ಡಿಗ್ರಿವರೆಗೆ ಏರುತ್ತದೆ, ಶಿಲುಬೆಯ ಆಕಾರದ ನಕ್ಷತ್ರಪುಂಜ ತ್ರಿಶಂಕು ಸುಮಾರು 16 ಡಿಗ್ರಿಗೆ ಬರುತ್ತದೆ. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಅಂದರೆ ತ್ರಿಶಂಕು ಒಂದೂವರೆ ಮುಷ್ಟಿಯಷ್ಟು ಎತ್ತರದಲ್ಲಿ ನಿಂತಿರುತ್ತದೆ. ಯುರೋಪಿನವರಿಗೆ ಈ ಭಾಗ್ಯ ಇಲ್ಲ. ಅಷ್ಟು ಕೆಳಗಿನದನ್ನು ನೋಡಲು ದಕ್ಷಿಣ ದಿಕ್ಕು ಸ್ವಚ್ಛವಾಗಿರಬೇಕು, ಊರಿನ ದೀಪಗಳು ಬೆನ್ನ ಹಿಂದಿರಬೇಕು.

ಜಾಗಗಳನ್ನು ಅಳೆಯಲು ಮೂರು ಗುರುತು ಇಟ್ಟುಕೊಂಡೆ. ಮೊದಲನೆಯದು ಪುಷ್ಯ, ಕರ್ಕಾಟಕದ ನಡುವೆ ಮಂಜಿನ ಹನಿಯಂತೆ ಕಾಣುವ ನಕ್ಷತ್ರಗುಚ್ಛ. ಅದು ಬರಿಗಣ್ಣಿಗೆ ಸಿಕ್ಕರೆ ನೆತ್ತಿಯ ಮೇಲಿನ ಆಕಾಶ ಚೆನ್ನಾಗಿದೆ ಎಂದರ್ಥ. ಎರಡನೆಯದು ತ್ರಿಶಂಕುವಿನ ಐದನೆಯ ನಕ್ಷತ್ರ, ಶಿಲುಬೆಯ ನಾಲ್ಕರ ಜೊತೆ ಒಂದು ಪಕ್ಕದಲ್ಲಿ ಅಡಗಿರುವ ಸಣ್ಣದು, ಅದರ ಕಾಂತಿಮಾನ 3.6 (ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಸುಕು). ಮೂರನೆಯದು ಓಮೆಗಾ ಸೆಂಟಾರಿ, ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿರುವ, ಕೋಟಿಯಷ್ಟು ನಕ್ಷತ್ರಗಳ ಉಂಡೆ. ಪ್ರತಿ ಸಲವೂ ಅಮಾವಾಸ್ಯೆಯ ಆಸುಪಾಸಿನ ರಾತ್ರಿ, ಮೊಬೈಲ್ ಜೇಬಿಗಿಟ್ಟು ಅರ್ಧ ಗಂಟೆ ಕಣ್ಣು ಪಳಗಿಸಿದ ಮೇಲೆಯೇ ಲೆಕ್ಕ ಬರೆದುಕೊಂಡೆ.

ಮನೆಯ ತಾರಸಿಯ ಲೆಕ್ಕ ಬೇಗ ಮುಗಿಯಿತು. ಪುಷ್ಯ ಇಲ್ಲ, ತ್ರಿಶಂಕುವಿನಲ್ಲಿ ಮೂರು ಕಂಡರೆ ಹೆಚ್ಚು. ಬೀದಿಗೆ ಬಿಳಿ ಎಲ್‌ಇಡಿ ಬಂದ ಮೇಲೆ ಇನ್ನೂ ಕೆಟ್ಟಿದೆ. ಹಳೆಯ ಹಳದಿ ಸೋಡಿಯಂ ದೀಪಕ್ಕಿಂತ ಬಿಳಿ ದೀಪದಲ್ಲಿ ನೀಲಿ ಪಾಲು ಹೆಚ್ಚು, ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ದೀಪಕ್ಕೆ ಮೇಲಿನಿಂದ ಒಂದು ತಗಡಿನ ಮುಚ್ಚಳ ಇದ್ದಿದ್ದರೆ ರಸ್ತೆಗೂ ಅನುಕೂಲ, ನಮಗೂ ಅನುಕೂಲ.

ಇನ್ನು ಬೆಟ್ಟ. ಎಲ್ಲರೂ ಮೊದಲು ಹೇಳುವುದು ಜೋಗಿಮಟ್ಟಿ. ಅದು ವನ್ಯಧಾಮ, ಕರಡಿ ಚಿರತೆ ಇರುವ ಕಾಡು, ಕತ್ತಲಾದ ಮೇಲೆ ಅಲ್ಲಿ ಇರುವಂತಿಲ್ಲ. ಇರಲೂಬಾರದು. ಆದ್ದರಿಂದ ಊರಿನ ದಕ್ಷಿಣಕ್ಕೆ ಕಾಡಿನ ಹೊರಗಿನ ಒಂದು ದಿಬ್ಬದಲ್ಲಿ, ಗಾಳಿಯಂತ್ರಗಳ ಸಾಲಿನ ಹತ್ತಿರ ಮೂರು ರಾತ್ರಿ ಕೂತೆ. ದಿಕ್ಕಿನ ಲೆಕ್ಕದಲ್ಲಿ ಇದು ಒಳ್ಳೆಯ ಜಾಗ. ಊರು ಉತ್ತರಕ್ಕೆ, ನಡುವಿನ ಗುಡ್ಡಗಳೇ ಅದರ ಬೆಳಕನ್ನು ತಡೆಯುತ್ತವೆ. ಪುಷ್ಯ ಮಸುಕಾಗಿ ಕಂಡಿತು, ಐದನೆಯ ನಕ್ಷತ್ರ ಒಮ್ಮೆ ಸಿಕ್ಕಿತು. ಆದರೆ ಆ ಯಂತ್ರಗಳ ತಲೆಯ ಮೇಲಿನ ಕೆಂಪು ದೀಪಗಳು! ಸಾಲಿಗೆ ಸಾಲೇ ಮಿನುಗುತ್ತವೆ. ಕೆಂಪು ಬೆಳಕು ಕಣ್ಣಿನ ಪಳಗಿಕೆಯನ್ನು ಅಷ್ಟಾಗಿ ಕೆಡಿಸದು ಎನ್ನುವುದು ನಿಜ, ಆದರೂ ದೃಷ್ಟಿ ಮತ್ತೆ ಮತ್ತೆ ಅಲ್ಲಿಗೇ ಎಳೆಯುತ್ತದೆ. ಗಾಳಿ ಚೆನ್ನಾಗಿ ಬೀಸುತ್ತದೆ ಎಂದೇ ಅಲ್ಲಿ ಯಂತ್ರ ನಿಲ್ಲಿಸಿದ್ದಾರೆ, ಬೈನಾಕ್ಯುಲರ್ ಹಿಡಿದ ಕೈ ಒಂದು ಕ್ಷಣ ನಿಲ್ಲಲಿಲ್ಲ. ಓಮೆಗಾ ಸೆಂಟಾರಿ ಬೈನಾಕ್ಯುಲರಿನಲ್ಲೂ ಕುಣಿಯುವ ಮಬ್ಬು ಅಷ್ಟೇ. ಮೂರನೆಯ ರಾತ್ರಿ ಕಾವಲುಗಾರರು ಬಂದು ವಿಚಾರಿಸಿ, ಇಲ್ಲಿ ಕೂರಬೇಡಿ ಎಂದು ಕಳಿಸಿದರು. ಮತ್ತೆ ಹೋಗಲಿಲ್ಲ.

ವಾಣಿವಿಲಾಸ ಸಾಗರಕ್ಕೆ ಹೋಗಿದ್ದು ಎರಡನೆಯ ಬೇಸಿಗೆಯಲ್ಲಿ. ನಾವು ಈಗಲೂ ಮಾರಿ ಕಣಿವೆ ಎಂದೇ ಕರೆಯುವುದು. 1907ರಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟೆ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಾನು ಚಿಕ್ಕವನಿದ್ದಾಗ ಅಲ್ಲಿ ಬಿರುಕು ಬಿಟ್ಟ ಮಣ್ಣು ನೋಡಿದ ನೆನಪೇ ಹೆಚ್ಚು. ಈಗ ನೀರು ತುಂಬಿರುವುದು ನಕ್ಷತ್ರ ನೋಡುವವರಿಗೂ ಲಾಭ, ಏಕೆಂದರೆ ನೀರಿನ ಮೇಲೆ ಯಾರೂ ದೀಪದ ಕಂಬ ನೆಡುವುದಿಲ್ಲ. ಕಟ್ಟೆ ಇರುವುದು ಉತ್ತರದ ತುದಿಗೆ, ಹಿನ್ನೀರು ಹರಡಿರುವುದು ದಕ್ಷಿಣಕ್ಕೆ. ಹಿರಿಯೂರು, ಹೆದ್ದಾರಿ ಎಲ್ಲ ಬೆನ್ನ ಹಿಂದೆ ಉಳಿಯುತ್ತವೆ. ಕಟ್ಟೆಯ ಬಳಿ ಅಲ್ಲ, ಪರಿಚಯದವರ ತೆಂಗಿನ ತೋಟದ ಅಂಚಿನಲ್ಲಿ, ನೀರು ಕಾಣುವ ಕಡೆ ಚಾಪೆ ಹಾಸಿದೆವು.

ಏಪ್ರಿಲ್ ಅಮಾವಾಸ್ಯೆ. ಹತ್ತೂವರೆಗೆ ತ್ರಿಶಂಕು ನೀರಿನ ಮೇಲೆ ನೆಟ್ಟಗೆ ನಿಂತಿತ್ತು. ಐದೂ ನಕ್ಷತ್ರಗಳು ಹುಡುಕದೆ ಕಂಡವು. ನೀರು ಅಲುಗದಿದ್ದ ಒಂದೆರಡು ನಿಮಿಷ ಶಿಲುಬೆಯ ದೊಡ್ಡ ನಕ್ಷತ್ರಗಳ ನೆರಳು ಕೆಳಗೂ ಬಿದ್ದಿತ್ತು. ಮಧ್ಯರಾತ್ರಿಯ ಹೊತ್ತಿಗೆ ಓಮೆಗಾ ಸೆಂಟಾರಿ ಬರಿಗಣ್ಣಿಗೇ ಸಿಕ್ಕಿತು, ಉಜ್ಜಿ ಅಳಿಸಿದ ಚುಕ್ಕೆಯಂತೆ. ಬೈನಾಕ್ಯುಲರಿನಲ್ಲಿ ಅದು ಹತ್ತಿಯ ಉಂಡೆಯಾಯಿತು. ನಾನು ನೋಡಿದ ದಕ್ಷಿಣ ಆಕಾಶಗಳಲ್ಲಿ ಇದಕ್ಕೆ ಸಾಟಿಯಿಲ್ಲ.

ತೊಂದರೆಯೂ ಹೇಳಬೇಕು. ಎರಡು ಗಂಟೆ ದಾಟುತ್ತಲೇ ಇಬ್ಬನಿ ಮಸೂರವನ್ನು ಮುಚ್ಚಿತು, ಒರೆಸಿದಷ್ಟೂ ಮತ್ತೆ ಮತ್ತೆ. ನೀರಿನ ಮೇಲೆ ತೆಳುವಾದ ಮಂಜು ಎದ್ದು, ಕೆಳಗಿನ ಐದಾರು ಡಿಗ್ರಿ ಆಕಾಶ ಹೋಯಿತು. ತೆಂಗಿನ ಗರಿಗಳು ಪೂರ್ವ ಪಶ್ಚಿಮ ಎರಡನ್ನೂ ಮರೆಮಾಡುತ್ತವೆ. ಬೆಳಗಿನ ಜಾವದ ಆಕಾಶಗಂಗೆಗೆ ಈ ಜಾಗ ಅಲ್ಲ.

ಅದಕ್ಕೆ ನಾಯಕನಹಟ್ಟಿ ಕಡೆಯ ಶೇಂಗಾ ಹೊಲ. ಬೆಟ್ಟವಿಲ್ಲ, ನೀರಿಲ್ಲ, ಮರವೂ ಅಪರೂಪ. ಬೆಳೆ ಕಿತ್ತ ಹೊಲ ಅಂಗೈಯಂತೆ ಬಯಲು, ಸುತ್ತಲೂ ದಿಗಂತ ಮುಟ್ಟುವವರೆಗೆ ಆಕಾಶ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಸೀಮೆ ಇದು. ರೈತನಿಗೆ ಅದು ಸಂಕಟ, ಆ ಸಂಕಟವೇ ರಾತ್ರಿಯ ಗಾಳಿಯನ್ನು ಒಣಗಿಸಿ ನಕ್ಷತ್ರಗಳನ್ನು ಹತ್ತಿರ ತರುತ್ತದೆ ಎಂಬುದು ನನಗೆ ಅಲ್ಲಿ ಕೂತಾಗಲೆಲ್ಲ ಕಾಡುವ ವಿಷಯ.

ದಿಕ್ಕಿನ ಲೆಕ್ಕದಲ್ಲಿ ಇದು ಸೋಲಬೇಕಿತ್ತು. ದುರ್ಗ ನೈರುತ್ಯಕ್ಕೆ, ಚಳ್ಳಕೆರೆ ಆಗ್ನೇಯಕ್ಕೆ, ಎರಡೂ ಊರಿನ ಬೆಳಕು ದಕ್ಷಿಣದ ಕಡೆಯೇ ಗುಡ್ಡೆ ಹಾಕಿಕೊಂಡು ಕೂತಿರುತ್ತದೆ. ಇಳಿಯುವ ಅಗಸ್ತ್ಯ ದುರ್ಗದ ಬೆಳಕಿನಲ್ಲಿ ಮುಳುಗುತ್ತದೆ. ಆದರೆ ಸರಿಯಾಗಿ ದಕ್ಷಿಣದಲ್ಲಿ, ಎರಡು ಮಬ್ಬುಗಳ ನಡುವೆ, ಒಂದು ಕಪ್ಪು ಬಾಗಿಲು ತೆರೆದಿದೆ. ತ್ರಿಶಂಕು ನೆಟ್ಟಗೆ ನಿಲ್ಲುವುದು ಆ ಬಾಗಿಲಲ್ಲೇ. ಐದನೆಯ ನಕ್ಷತ್ರ ಕಂಡಿತು, ಓಮೆಗಾ ಸೆಂಟಾರಿ ಬೈನಾಕ್ಯುಲರಿಗೆ ಮಾತ್ರ. ನೆತ್ತಿಯ ಮೇಲಂತೂ ಉಳಿದ ಯಾವ ಜಾಗವೂ ಇದರ ಹತ್ತಿರ ಬರಲಿಲ್ಲ. ಪುಷ್ಯ ಕತ್ತು ಎತ್ತಿದ ಕೂಡಲೇ ಕಣ್ಣಿಗೆ ಬಿತ್ತು. ಮಾರ್ಚ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದಾಗ ವೃಶ್ಚಿಕದ ಜ್ಯೇಷ್ಠಾ ಕೆಂಪಗೆ ಮೇಲೇರಿತ್ತು, ಅದರ ಕೆಳಗೆ ಮೂಲದ ಕೊಂಡಿ, ಅಲ್ಲಿಂದ ಎಡಕ್ಕೆ ಆಕಾಶಗಂಗೆಯ ದಪ್ಪ ಭಾಗ ನಡುವೆ ಕಪ್ಪು ಸೀಳುಗಳ ಸಮೇತ. ಇಬ್ಬನಿಯ ಒಂದು ಹನಿಯೂ ಇರಲಿಲ್ಲ. ಚಳ್ಳಕೆರೆ ಕಂಬಳಿಯೊಂದಿದ್ದರೆ ಚಳಿಯ ಯೋಚನೆಯೂ ಇಲ್ಲ. ಚೇಳಿನ ಭಯ ಇದೆ, ಕೂರುವ ಮೊದಲು ನೆಲ ನೋಡಿ, ಬೂಟು ಬಿಚ್ಚಬೇಡಿ. ನಾಯಕನಹಟ್ಟಿಯ ಫಾಲ್ಗುಣದ ತೇರಿನ ದಿನಗಳಲ್ಲಿ ಮಾತ್ರ ಆ ಕಡೆ ಹೋಗಬೇಡಿ, ಆಗ ಇಡೀ ಸೀಮೆ ದೀಪ, ಧೂಳು, ಜನ. ಹೇಗೂ ಅದು ಹುಣ್ಣಿಮೆಯ ಆಸುಪಾಸು.

ಎಲ್ಲಿಗೆ ಹೋದರೂ ಹೊಲದವರಿಗೆ ಮೊದಲೇ ಹೇಳಿ ಹೋಗಿ. ಹಂದಿ ನುಗ್ಗದಂತೆ ಹೊಲ ಕಾಯುವವರಿಗೆ ಕತ್ತಲಲ್ಲಿ ಆಡುವ ಬ್ಯಾಟರಿ ಬೆಳಕು ಕಳ್ಳರದ್ದೇ. ನಾವು ಬ್ಯಾಟರಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದ್ದೆವು, ಅದು ಇನ್ನೂ ವಿಚಿತ್ರವಾಗಿ ಕಂಡಿರಬೇಕು. ಹೊಲದ ಯಜಮಾನರು ಕೋಲು ಹಿಡಿದೇ ಬಂದರು. ನಮ್ಮನ್ನು ಗುರುತಿಸಿ ಪಕ್ಕದಲ್ಲೇ ಕೂತು, ಬೈನಾಕ್ಯುಲರಿನಲ್ಲಿ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತೀವಲ್ಲಪ್ಪ, ಆ ಭರಣಿ ಯಾವ್ದು ತೋರ್ಸು."

ಆಗ ಏಪ್ರಿಲ್ ಕೊನೆ. ತೋರಿಸಲಾಗಲಿಲ್ಲ. ಭರಣಿ ಮಳೆ ಎಂದರೆ ಸೂರ್ಯ ಭರಣಿಯಲ್ಲಿ ಇರುವ ಹದಿಮೂರು ಹದಿನಾಲ್ಕು ದಿನ. ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುವ ನಕ್ಷತ್ರ ರಾತ್ರಿ ಎಲ್ಲಿ ಸಿಗಬೇಕು? ವಿವರಿಸಿದೆ. "ಹಂಗಾದ್ರೆ ಮಳಿ ನಡಿಯೋವಾಗ ಆ ಚುಕ್ಕಿ ಇರೋದಿಲ್ಲ ಅನ್ನು" ಎಂದು ಬಹಳ ಹೊತ್ತು ಪಶ್ಚಿಮದ ಕಡೆ ನೋಡುತ್ತಾ ಕೂತರು.

ಮುಂದಿನ ಶಿವರಾತ್ರಿಗೆ ಅಲ್ಲಿಗೇ ಹೋಗುತ್ತೇವೆ. ಕೃಷ್ಣಪಕ್ಷದ ಚತುರ್ದಶಿ, ಬೆಳಗಿನವರೆಗೆ ಚಂದ್ರನಿಲ್ಲ, ಮೋಡ ಕಡಿಮೆ, ಹೇಗೂ ಎಲ್ಲರೂ ಜಾಗರಣೆ. ಭರಣಿಯ ಮೂರು ಸಣ್ಣ ನಕ್ಷತ್ರಗಳು ನನ್ನ ತಾರಸಿಗೆ ಕಾಣುವಷ್ಟು ದೊಡ್ಡವಲ್ಲ. ಆ ಹೊಲದಲ್ಲಿ, ಸಂಜೆ ಏಳೂವರೆಗೆ, ಪಶ್ಚಿಮದಲ್ಲಿ ನಾಲ್ಕು ಮುಷ್ಟಿ ಎತ್ತರದಲ್ಲಿ, ಕೃತ್ತಿಕೆಯ ಕೆಳಗೆ ಕಾಣುತ್ತವೆ.